ಚೆಲ್ಲುವ ಹಾಲಿಗೂ ಒಂದು ಬೆಲೆ ಕಟ್ಟಿ

ಮಾನ್ಯ ಪಶುಸಂಗೋಪನಾ ಸಚಿವರಿಗೆ, ಇಲಾಖೆಯ ಆಯುಕ್ತರಿಗೆ ಮತ್ತು ಹಾಲು ಒಕ್ಕೂಟಗಳ ಆಡಳಿತ ಮಂಡಳಿಯವರಿಗೆ,

ನಮಸ್ಕಾರ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಹಸುವಿಗೆ ಆ್ಯಂಟಿಬಯಾಟಿಕ್ ಕೊಟ್ಟ ದಿನಗಳಲ್ಲಿ ಡೈರಿಗೆ ಹಾಕದೆ ಚೆಲ್ಲುವ ಹಾಲಿಗೆ ಅರ್ಧ ಬೆಲೆಯನ್ನಾದರೂ ಕೊಡಿ. ಇದು ಯಾಕೆ ಬೇಕು, ಹೇಗೆ ಕೊಡಬಹುದು ಅನ್ನುವುದನ್ನು ಮುಂದೆ ಬರೆದಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ನಾನು ಹೆಸರಘಟ್ಟ ಹೋಬಳಿಯವಳು. ಮನೆಯಲ್ಲಿ ಸೀಮೆಹಸುಗಳಿವೆ. ಎರಡು ಹೊತ್ತೂ ಊರಿನ ಡೈರಿಗೆ ಹಾಲು ಹಾಕುತ್ತೇವೆ. ಬೆಂಗಳೂರಿನವರು ಬೆಳಿಗ್ಗೆ ಕಾಫಿಗೆ ಕಾಯಿಸುವ ಹಾಲಿನಲ್ಲಿ ನಮ್ಮದೂ ಒಂದಿಷ್ಟು ಇರುತ್ತದೆ.

ಪ್ರತಿ ವರ್ಷ ನವೆಂಬರ್ 18ರಿಂದ 24ರವರೆಗೆ ಮದ್ದಿಗೆ ಬಗ್ಗದ ರೋಗಾಣುಗಳ ಬಗ್ಗೆ ಜಗತ್ತಿನಾದ್ಯಂತ ಸಪ್ತಾಹ ನಡೆಯುತ್ತದೆ. ನಮ್ಮ ಕಡೆಯೂ ಬ್ಯಾನರ್ ಕಟ್ಟುತ್ತಾರೆ, ಬಂದವರು ಮಾತಾಡುತ್ತಾರೆ. ರೈತರಲ್ಲಿ ಅರಿವು ಮೂಡಬೇಕು ಅನ್ನುವ ಸಾಲು ಎಲ್ಲರ ಭಾಷಣದಲ್ಲೂ ಇರುತ್ತದೆ. ಸ್ವಾಮಿ, ಅರಿವು ನಮಗೆ ಬೇಕಾದಷ್ಟಿದೆ. ಇಂಜೆಕ್ಷನ್ ಹಾಕಿಸಿದ ಹಸುವಿನ ಹಾಲು ಡೈರಿಗೆ ಹಾಕಬಾರದು ಅಂತ ಗೊತ್ತಿಲ್ಲದವರು ನಮ್ಮೂರಲ್ಲಿ ಯಾರೂ ಇಲ್ಲ. ಗೊತ್ತಿದ್ದೂ ಹಾಕುವವರಿದ್ದಾರೆ. ಯಾಕೆ ಹಾಕುತ್ತಾರೆ ಅಂತ ಒಂದು ಸಲ ನಮ್ಮ ಕೊಟ್ಟಿಗೆಯಲ್ಲಿ ನಿಂತು ಲೆಕ್ಕ ಹಾಕಿ ನೋಡಿ.

ಹಾಲು ಕೊಡುವ ಹಸುವಿಗೆ ಆ್ಯಂಟಿಬಯಾಟಿಕ್ ಜಾಸ್ತಿ ಹೋಗುವುದು ಕೆಚ್ಚಲು ಬಾವು ಬಂದಾಗ. ಬೆಳಿಗ್ಗೆ ಹಾಲು ಕರೆಯಲು ಕೂತರೆ ಹಸು ಕಾಲು ಝಾಡಿಸುತ್ತದೆ. ಮುಟ್ಟಿದರೆ ಕೆಚ್ಚಲಿನ ಒಂದು ಭಾಗ ಬಿಸಿ, ಗಟ್ಟಿ. ಮೊದಲ ಧಾರೆಯನ್ನು ಅಂಗೈಗೆ ಹಿಂಡಿಕೊಂಡರೆ ಹಾಲಿನ ಜೊತೆ ಒಡೆದ ಹಾಲಿನಂಥ ಚೂರುಗಳು ಬರುತ್ತವೆ. ಕೆಲವೊಮ್ಮೆ ನೀರು ನೀರಾಗಿ, ಹಳದಿಯಾಗಿ ಬರುತ್ತದೆ. ಜೋರಾಗಿದ್ದರೆ ರಕ್ತದ ಎಳೆಯೂ ಇರುತ್ತದೆ. ಆಗ ಯಾರೂ ಪುಸ್ತಕ ತೆಗೆದು ನೋಡುವುದಿಲ್ಲ. ಮೊಲೆ ಕೆಟ್ಟರೆ ಹಸುವಿನ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಕೈಗೆ ಸಿಕ್ಕಿದವರನ್ನು ಕರೆದು ಸೂಜಿ ಹಾಕಿಸುತ್ತಾರೆ, ಮೊಲೆಗೆ ಟ್ಯೂಬು ಬಿಡಿಸುತ್ತಾರೆ.

ಈಗ ಲೆಕ್ಕ. ಹಸು ದಿನಕ್ಕೆ 12 ಲೀಟರ್ ಕೊಡುತ್ತದೆ ಅಂದುಕೊಳ್ಳಿ. ಮೂರು ದಿನ ಸೂಜಿ. ಆಮೇಲೆ ಔಷಧಿಯ ಲೇಬಲ್ಲಿನಲ್ಲಿ ನಾಲ್ಕು ದಿನ ಹಾಲು ಬಳಸಬೇಡಿ ಅಂತ ಬರೆದಿದೆ. ಒಟ್ಟು 7 ದಿನ, 84 ಲೀಟರ್. ಲೀಟರಿಗೆ ₹35 ಅಂದರೂ ₹2,940. ಔಷಧಿಯ ದುಡ್ಡು, ಬಂದವರ ಫೀಸು ಬೇರೆ. ಆ ವಾರವೂ ಹಸು ಬೂಸಾ, ಹಿಂಡಿ, ಫೀಡ್ ತಿನ್ನುವುದನ್ನು ನಿಲ್ಲಿಸುವುದಿಲ್ಲ ಅಲ್ವಾ? ಎರಡೇ ಹಸು ಇರುವ ಮನೆಯಲ್ಲಿ ಒಂದು ಹೀಗಾದರೆ ಆ ಸಲದ ಡೈರಿ ಬಟವಾಡೆಯಲ್ಲಿ ಕೈಗೆ ಏನು ಬರುತ್ತದೆ ಅಂತ ನೀವೇ ಹೇಳಿ. ಆ ದುಡ್ಡನ್ನು ನಂಬಿಕೊಂಡು ಮಕ್ಕಳ ಫೀಸು, ಸಂಘದ ಸಾಲದ ಕಂತು ಎಲ್ಲ ಕೂತಿರುತ್ತವೆ.

ಕಾನೂನು ಇಲ್ಲ ಅಂತಲ್ಲ. ಪ್ರಾಣಿಗಳ ಔಷಧಿಯ ಮೇಲೆ ಎಷ್ಟು ದಿನ ಹಾಲು, ಮೊಟ್ಟೆ, ಮಾಂಸ ಬಳಸಬಾರದು ಅಂತ ಬರೆಯಲೇಬೇಕು ಅನ್ನುವ ನಿಯಮ 2012ರಲ್ಲೇ ಬಂದಿದೆ. ಆ ಔಷಧಿಗೆ ಅಂಥ ಅವಧಿ ಗೊತ್ತುಮಾಡಿಲ್ಲದಿದ್ದರೆ ಹಾಲಿಗೂ ಮೊಟ್ಟೆಗೂ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ ಬಿಡಬೇಕು. ಒಳ್ಳೆಯ ನಿಯಮ. ಆದರೆ ಅದರ ಖರ್ಚು ಯಾರ ತಲೆಗೆ ಅನ್ನುವುದನ್ನು ಬರೆದವರು ಯೋಚನೆ ಮಾಡಿದ ಹಾಗಿಲ್ಲ. ಔಷಧಿ ಕಂಪನಿಗೆ ಖರ್ಚಿಲ್ಲ, ಅಂಗಡಿಯವರಿಗಿಲ್ಲ, ಒಕ್ಕೂಟಕ್ಕಿಲ್ಲ, ಗ್ರಾಹಕರಿಗಿಲ್ಲ. ಇಡೀ ನಾಡಿನ ಆರೋಗ್ಯದ ಬಿಲ್ಲನ್ನು ಎರಡು ಹಸು ಕಟ್ಟಿಕೊಂಡವಳ ಕೈಗೆ ಕೊಟ್ಟು, ಅವಳು ಕಟ್ಟುವುದಿಲ್ಲ ಅಂತ ಬೈಯುತ್ತಾ ಕೂತಿದ್ದೇವೆ.

ಆ ಹಾಲು ಎಲ್ಲಿಗೆ ಹೋಗುತ್ತದೆ ಅಂತ ಹೇಳುತ್ತೇನೆ. ಒಂದಿಷ್ಟು ಡೈರಿ ಕ್ಯಾನಿಗೆ. ಒಂದಿಷ್ಟು ದಿನಾ ಹಾಲು ಕೊಳ್ಳುವ ವರ್ತನೆ ಮನೆಗೆ, ಇಲ್ಲವೇ ರಸ್ತೆ ಬದಿಯ ಟೀ ಅಂಗಡಿಗೆ. ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ಉಳಿದದ್ದು ಕರುವಿಗೆ. ಚೆಲ್ಲಲು ಮನಸ್ಸು ಬಾರದವರು ಕರು ಕುಡಿಯಲಿ ಅಂತ ಬಿಡುತ್ತಾರೆ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಮಾಡುವುದು. ಆದರೆ ಔಷಧಿಯ ಅಂಶ ಇರುವ ಹಾಲು ಕುಡಿದ ಕರುವಿನ ಹೊಟ್ಟೆಯಲ್ಲೇ ಮದ್ದಿಗೆ ಬಗ್ಗದ ರೋಗಾಣು ಬೆಳೆಯುತ್ತದೆ, ಸಗಣಿಯಲ್ಲಿ ಹೊರಗೆ ಬರುತ್ತದೆ.

ಹಳ್ಳಿ ಡೈರಿಯಲ್ಲಿ ಪ್ರತಿಯೊಬ್ಬರ ಹಾಲಿಗೂ ಫ್ಯಾಟ್ ನೋಡುತ್ತಾರೆ, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಗಟ್ಟಿ ಅಂಶ) ನೋಡುತ್ತಾರೆ. ದುಡ್ಡು ಅದರ ಮೇಲೆ ನಿಂತಿದೆ, ಹಾಗಾಗಿ ಪಾಯಿಂಟು ಲೆಕ್ಕದಲ್ಲಿ ಜಗಳವೂ ಆಗುತ್ತದೆ. ಆ್ಯಂಟಿಬಯಾಟಿಕ್ ಇದೆಯೇ ಅಂತ ಒಬ್ಬೊಬ್ಬರ ಹಾಲನ್ನೂ ನೋಡುವುದನ್ನು ನಾನು ನಮ್ಮ ಸುತ್ತಮುತ್ತಲ ಡೈರಿಗಳಲ್ಲಿ ಕಂಡಿಲ್ಲ. ಪರೀಕ್ಷೆ ಕಷ್ಟದ್ದೇನಲ್ಲ. ಹಾಲಿನಲ್ಲಿ ಅದ್ದಿದರೆ ಕೆಲವೇ ನಿಮಿಷದಲ್ಲಿ ಗೆರೆ ತೋರಿಸುವ ಪಟ್ಟಿಗಳು ಮಾರುಕಟ್ಟೆಯಲ್ಲಿವೆ. ಇನ್ನೊಂದು ಬಗೆಯಲ್ಲಿ ಪುಟ್ಟ ಸೀಸೆಯೊಳಗೆ ಬ್ಯಾಕ್ಟೀರಿಯಾ ಇರುತ್ತದೆ. ಅದಕ್ಕೆ ಹಾಲು ಹಾಕಿ ಕೆಲವು ಗಂಟೆ ಬಿಸಿಯಲ್ಲಿ ಇಟ್ಟರೆ, ಹಾಲು ಚೆನ್ನಾಗಿದ್ದರೆ ಬ್ಯಾಕ್ಟೀರಿಯಾ ಬೆಳೆದು ನೇರಳೆ ಬಣ್ಣ ಹಳದಿಯಾಗುತ್ತದೆ. ಔಷಧಿ ಇದ್ದರೆ ಅದು ಬೆಳೆಯುವುದಿಲ್ಲ, ಬಣ್ಣ ನೇರಳೆಯಾಗಿಯೇ ಉಳಿಯುತ್ತದೆ. ನಮ್ಮ ಅಡುಗೆಮನೆಯಲ್ಲಿ ಆಗುವುದೂ ಇದೇ. ಸೂಜಿ ಹಾಕಿಸಿದ ಹಸುವಿನ ಹಾಲಿಗೆ ಹೆಪ್ಪು ಹಾಕಿ ನೋಡಿ, ಬೆಳಿಗ್ಗೆ ಎದ್ದರೂ ಸರಿಯಾಗಿ ಮೊಸರಾಗಿರುವುದಿಲ್ಲ. (ಸಿಟಿಯವರು ಇದನ್ನು ಓದಿ ಗಾಬರಿಯಾಗಬೇಡಿ. ಡಿಸೆಂಬರ್ ಚಳಿಗೂ ಮೊಸರು ಹೆಪ್ಪಾಗುವುದಿಲ್ಲ.)

ಆದರೂ ಬರೀ ಪರೀಕ್ಷೆ ತಂದರೆ ಏನಾಗುತ್ತದೆ? ಒಂದು ಹಸುವಿನ ಹಾಲು ಸಾಕು, ಕೂಲರಿನಲ್ಲಿರುವ ಇಡೀ ಊರಿನ ಹಾಲು ಕೆಡಲು. ಸಿಕ್ಕಿಬಿದ್ದರೆ ಎಲ್ಲರ ಹಾಲೂ ವಾಪಸ್. ಊರಿನವರೆಲ್ಲ ಸೇರಿ ಆ ಒಬ್ಬಳನ್ನು ಮಾತಲ್ಲೇ ಕೊಲ್ಲುತ್ತಾರೆ. ಅಷ್ಟಾದ ಮೇಲೆ ಯಾರಾದರೂ ಬಾಯಿ ಬಿಟ್ಟು ನಮ್ಮ ಹಸುವಿಗೆ ಸೂಜಿ ಹಾಕಿಸಿದ್ದೀವಿ ಅಂತಾರಾ? ಬಚ್ಚಿಡುತ್ತಾರೆ. ಅದಕ್ಕೇ ಮೊದಲು ದುಡ್ಡು ಕೊಡಿ, ಆಮೇಲೆ ಪರೀಕ್ಷೆ ತನ್ನಿ ಅನ್ನುವುದು ನನ್ನ ವಾದ. ಅದಲು ಬದಲಾದರೆ ಕಳ್ಳತನ ಜಾಸ್ತಿಯಾಗುತ್ತದೆ.

ಇಲ್ಲಿ ನಗರದ ಓದುಗರಿಗೂ ಒಂದು ಮಾತು. ಹಾಲಿನಲ್ಲಿ ಆ್ಯಂಟಿಬಯಾಟಿಕ್ ಅಂದ ಕೂಡಲೇ ನೀವು ಪ್ಯಾಕೆಟ್ಟನ್ನು ಅನುಮಾನದಿಂದ ನೋಡುತ್ತೀರಿ. ಎಫ್‌ಎಸ್‌ಎಸ್‌ಎಐ ಅನ್ನುವ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿ ತೆಗೆದು ನೋಡಿತ್ತು. ಅದರಲ್ಲಿ 77 ಮಾದರಿಗಳಲ್ಲಿ ಔಷಧಿಯ ಅಂಶ ಮಿತಿಗಿಂತ ಹೆಚ್ಚಿತ್ತು, ಅಂದರೆ ನೂರಕ್ಕೆ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಕುದಿಸಿದರೆ ರೋಗಾಣು ಸಾಯುತ್ತದೆ. ಔಷಧಿಯ ಅಂಶ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಅದು ಚಿಂತೆಯ ವಿಷಯವೇ. ಆದರೆ ನನ್ನ ಪ್ರಕಾರ ದೊಡ್ಡ ಚಿಂತೆ ಪ್ಯಾಕೆಟ್ಟಿನಲ್ಲಿಲ್ಲ, ನಮ್ಮ ಕೊಟ್ಟಿಗೆಯಲ್ಲಿದೆ. ಮದ್ದು ತಿಂದು ಬದುಕುಳಿದ ರೋಗಾಣು ಮೊದಲು ಹತ್ತುವುದು ಹಾಲು ಕರೆಯುವವಳ ಕೈಗೆ. ಅಲ್ಲಿಂದ ಮನೆಯೊಳಕ್ಕೆ, ಸಗಣಿಯ ಜೊತೆ ತಿಪ್ಪೆಗೆ, ತಿಪ್ಪೆಯಿಂದ ಸೊಪ್ಪಿನ ಮಡಿಗೆ, ಮಳೆ ಬಂದರೆ ಕೆರೆಗೆ. 2019ರ ಒಂದೇ ವರ್ಷದಲ್ಲಿ ಮದ್ದಿಗೆ ಬಗ್ಗದ ಸೋಂಕುಗಳಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅನ್ನುವುದು ತಜ್ಞರ ಅಂದಾಜು. ಅಷ್ಟೂ ಹಸು, ಕೋಳಿಯಿಂದ ಬಂದದ್ದು ಅಂತ ಯಾರೂ ಹೇಳುವುದಿಲ್ಲ. ನೆಗಡಿಗೂ ಮೆಡಿಕಲ್ ಶಾಪಿನಿಂದ ಮಾತ್ರೆ ನುಂಗುವವರ ಪಾಲೂ ಇದರಲ್ಲಿ ದೊಡ್ಡದು. ಆದರೆ ನಮ್ಮ ಪಾಲು ಇಲ್ಲ ಅನ್ನುವ ಹಾಗೂ ಇಲ್ಲ.

ಯಾಕೆಂದರೆ ಹಸುವಿಗೆ ಹಾಕುವುದೂ ಮನುಷ್ಯರಿಗೆ ಹಾಕುವುದೂ ಎಷ್ಟೋ ಸಲ ಒಂದೇ ಔಷಧಿ. ಕೆಚ್ಚಲು ಬಾವಿಗೆ ಈಗ ಸೆಫ್ಟ್ರಿಯಾಕ್ಸೋನ್ ಬಾಟಲಿ ಧಾರಾಳವಾಗಿ ಓಡುತ್ತಿದೆ. ಟೈಫಾಯ್ಡ್ ಜೋರಾಗಿ ಆಸ್ಪತ್ರೆ ಸೇರಿದವರಿಗೆ ಡ್ರಿಪ್ಪಿನಲ್ಲಿ ಹೋಗುವುದೂ ಅದೇ. ಮನುಷ್ಯರಿಗಾಗಿ ಜೋಪಾನ ಮಾಡಲೇಬೇಕಾದ ಔಷಧಿಗಳು ಅಂತ ವಿಶ್ವ ಆರೋಗ್ಯ ಸಂಸ್ಥೆ ಮೇಲಿನ ಸಾಲಿನಲ್ಲಿ ಇಟ್ಟಿರುವ ಗುಂಪಿಗೆ ಸೇರಿದ್ದು ಅದು. ಕೋಳಿಗೆ ನೀರಿನಲ್ಲಿ ಬೆರೆಸಿ ಕೊಡುವ ಎನ್ರೋಫ್ಲಾಕ್ಸಾಸಿನ್ ದೇಹದೊಳಗೆ ಹೋಗಿ ಸಿಪ್ರೋಫ್ಲಾಕ್ಸಾಸಿನ್ ಆಗುತ್ತದೆ. ಆ ಹೆಸರು ನಿಮ್ಮೆಲ್ಲರ ಮನೆಯ ಮಾತ್ರೆ ಡಬ್ಬದಲ್ಲೂ ಇದ್ದೀತು. ಅಮೆರಿಕದವರು ಕೋಳಿಗೆ ಎನ್ರೋಫ್ಲಾಕ್ಸಾಸಿನ್ ಕೊಡುವುದನ್ನು 2005ರಲ್ಲೇ ನಿಲ್ಲಿಸಿದರು.

ನಮ್ಮ ಸರ್ಕಾರಗಳೂ ಸುಮ್ನೆ ಕೂತಿಲ್ಲ, ಅದನ್ನೂ ಹೇಳಬೇಕು. 2015ರ ಕೊನೆಗೆ ಚೀನಾದಲ್ಲಿ ಹಂದಿಗಳಲ್ಲಿ ಒಂದು ಜೀನ್ ಸಿಕ್ಕಿತು. ಕೊಲಿಸ್ಟಿನ್ ಔಷಧಿಗೆ ಬಗ್ಗದ ಗುಣವನ್ನು ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ದಾಟಿಸಬಲ್ಲ ಜೀನ್ ಅದು. ಬೇರೆ ಯಾವ ಮದ್ದೂ ನಾಟದಾಗ ಐಸಿಯುನಲ್ಲಿ ಡಾಕ್ಟರುಗಳು ಕೊನೆಗೆ ಕೈ ಹಾಕುವುದು ಕೊಲಿಸ್ಟಿನ್‌ಗೆ. ಅದನ್ನೇ ಕೋಳಿ ದಪ್ಪ ಆಗಲಿ ಅಂತ ಫೀಡಿಗೆ ಬೆರೆಸುತ್ತಿದ್ದರು. ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ಸಾಕುಪ್ರಾಣಿ, ಕೋಳಿ, ಮೀನು, ಫೀಡು ಎಲ್ಲಕ್ಕೂ ಅದನ್ನು ನಿಷೇಧಿಸಿತು. ಒಳ್ಳೆಯ ಕೆಲಸ. ಆದರೆ ನಿಷೇಧ ಮಾಡಬಹುದಾದ್ದು ಬಿಟ್ಟರೂ ನಡೆಯುವಂಥ ಔಷಧಿಯನ್ನು. ಕೆಚ್ಚಲು ಬಾವಿಗೆ ಔಷಧಿ ಬೇಕೇ ಬೇಕಾಗುವ ದಿನಗಳಿವೆ. ಅಲ್ಲಿ ಬೇಕಾದ್ದು ಯಾವ ಹಸುವಿಗೆ, ಯಾವ ಔಷಧಿ, ಎಷ್ಟು ದಿನ ಅನ್ನುವ ತಿಳಿವಳಿಕೆ.

ಅದನ್ನು ಹೇಳುವವರು ಯಾರು? ಸಂಜೆ ಏಳು ಗಂಟೆಗೆ ಹಸು ನಡುಗುತ್ತಾ ಮಲಗಿದರೆ ಮೊದಲು ಬರುವುದು ಬೈಕಿನ ಮೇಲೆ ಬ್ಯಾಗು ಹಾಕಿಕೊಂಡ ಹುಡುಗ. ಅವನು ಡಾಕ್ಟರಲ್ಲ, ಸೆಮೆನ್ ಹಾಕಲು ತರಬೇತಿ ಪಡೆದವನು. ಊರಿನವರಿಗೆಲ್ಲ ಅವನೇ ಡಾಕ್ಟ್ರು. ಫೋನ್ ಎತ್ತುತ್ತಾನೆ, ಮಳೆಯಲ್ಲೂ ಬರುತ್ತಾನೆ, ದುಡ್ಡು ಆಮೇಲೆ ಕೊಟ್ಟರೂ ಸರಿ ಅಂತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಸರ್ಕಾರಿ ಪಶು ವೈದ್ಯರಿಗೆ ಸುತ್ತಲ ಹಳ್ಳಿಗಳೆಲ್ಲ ಗಂಟುಬಿದ್ದಿವೆ. 1962 ನಂಬರಿಗೆ ಫೋನ್ ಮಾಡಿದರೆ ಪಶು ಚಿಕಿತ್ಸೆಯ ಗಾಡಿ ಬರುವ ವ್ಯವಸ್ಥೆ ಇದೆ, ಅದರಿಂದ ಉಪಕಾರವೂ ಆಗಿದೆ. ಆದರೆ ಬಾವು ಹಗಲು ಹೊತ್ತು ನೋಡಿಕೊಂಡು ಬರುವುದಿಲ್ಲ. ಆ ಹುಡುಗ ಕೊಡುವುದು ತನ್ನ ಬ್ಯಾಗಿನಲ್ಲಿ ಇರುವ ಔಷಧಿಯನ್ನು. ಎರಡನೇ ದಿನ ಹಸು ಮೇವು ತಿಂದರೆ ಮೂರನೇ ಸೂಜಿಯನ್ನು ನಾವೇ ಬೇಡ ಅಂತೀವಿ, ದುಡ್ಡು ಉಳಿಯಲಿ ಅಂತ. ಅರ್ಧಂಬರ್ಧ ಸತ್ತ ರೋಗಾಣು ಉಳಿದುಕೊಳ್ಳುತ್ತದೆ, ಮುಂದಿನ ಸೂಲಿನಲ್ಲಿ ಅದೇ ಮೊಲೆಗೆ ಮತ್ತೆ ಬಾವು ಬರುತ್ತದೆ.

ಹೊಟ್ಟೆ ಉರಿಯುವ ವಿಷಯ ಏನು ಗೊತ್ತಾ? ದೇಶದಲ್ಲೇ ದೊಡ್ಡ ಹೆಸರಿನ ಸಂಸ್ಥೆಗಳು ನಮ್ಮ ಸುತ್ತಲೇ ಇವೆ. ಹೆಬ್ಬಾಳದಲ್ಲಿ ಪಶು ವೈದ್ಯಕೀಯ ಕಾಲೇಜು ಇದೆ. ಪಕ್ಕದಲ್ಲೇ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ. ಯಲಹಂಕದ ಹತ್ತಿರ ಇಡೀ ದೇಶದ ಜಾನುವಾರು ರೋಗಗಳ ಲೆಕ್ಕ ಇಡುವ ನಿವೇದಿ ಸಂಸ್ಥೆ. ಆಡುಗೋಡಿಯಲ್ಲಿ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯ ದಕ್ಷಿಣದ ಕೇಂದ್ರ. ನಮ್ಮ ಹೆಸರಘಟ್ಟದಲ್ಲೇ ಕೇಂದ್ರ ಸರ್ಕಾರದ ಕೋಳಿ ಸಂಸ್ಥೆಯೂ ವೀರ್ಯ ಸಂಗ್ರಹಣಾ ಸಂಸ್ಥೆಯೂ ಇವೆ. ಇಷ್ಟಿದ್ದೂ, ನಮ್ಮ ಹಸುವಿನ ಕೆಚ್ಚಲಿನಲ್ಲಿರುವ ರೋಗಾಣು ಯಾವುದು, ಅದಕ್ಕೆ ಯಾವ ಮದ್ದು ನಾಟುತ್ತದೆ ಅಂತ ಪರೀಕ್ಷೆ ಮಾಡಿಸಿದ ಮನೆ ನಮ್ಮ ಊರಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಹಾಲು ಕೊಡುವ ಹಸು ಬಿಟ್ಟು ಯಾರು ಸೀಸೆ ಹಿಡಿದುಕೊಂಡು ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ನಿಲ್ಲುತ್ತಾರೆ?

ಇದಕ್ಕೊಂದು ಸುಲಭದ ದಾರಿ ಇದೆ. ನಮ್ಮ ಊರಿಂದ ಬೆಂಗಳೂರಿಗೆ ಹಾಲಿನ ಗಾಡಿ ಹೇಗೂ ಹೋಗುತ್ತದೆ. ಅದರ ಜೊತೆ ಒಂದು ಐಸ್ ಡಬ್ಬ ಕಳಿಸಿ. ಡೈರಿಯಲ್ಲಿ ಶುದ್ಧ ಮಾಡಿದ ಸೀಸೆಗಳನ್ನು ಇಡಿ. ಮೊಲೆತೊಟ್ಟನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಮೊದಲ ಧಾರೆ ಬಿಟ್ಟು, ಆಮೇಲಿನ ಹಾಲು ಹಿಡಿಯುವುದನ್ನು ನಮಗೆ ಒಂದು ಸಲ ತೋರಿಸಿಕೊಟ್ಟರೆ ಸಾಕು. ಫಲಿತಾಂಶ ಎರಡು ಮೂರು ದಿನದಲ್ಲಿ ಮೊಬೈಲಿಗೆ ಬರಲಿ. ಜೋರಾಗಿ ಜ್ವರ ಬಂದ ಹಸುವನ್ನು ಅಲ್ಲಿಯವರೆಗೆ ಕಾಯಿಸುವ ಹಾಗಿಲ್ಲ, ನಿಜ. ಆದರೆ ಬಾವು ಹಗುರವಾಗಿದ್ದು ಹಸು ಮೇವು ತಿನ್ನುತ್ತಿದ್ದರೆ ಒಂದೆರಡು ದಿನ ಕಾಯಬಹುದು ಅಂತ ಡಾಕ್ಟರುಗಳೇ ಹೇಳುತ್ತಾರೆ. ಎಷ್ಟೋ ಮಾದರಿಗಳಲ್ಲಿ ರೋಗಾಣು ಬೆಳೆಯುವುದೇ ಇಲ್ಲ, ಅಂದರೆ ಬಹಳ ಸಲ ಹಸು ತಾನೇ ಗೆದ್ದಿರುತ್ತದೆ. ಹೊರದೇಶಗಳಲ್ಲಿ ಹೀಗೆ ನೋಡಿ ಮದ್ದು ಕೊಟ್ಟ ಕಡೆ ಔಷಧಿಯ ಬಳಕೆ ಸುಮಾರು ಅರ್ಧಕ್ಕೆ ಇಳಿದಿದೆ, ಹಸುಗಳಿಗೆ ತೊಂದರೆಯಾಗಿಲ್ಲ.

ಲೋಳೆಸರ, ಅರಿಶಿನ, ಸುಣ್ಣ ಅರೆದು ಕೆಚ್ಚಲಿಗೆ ಹಚ್ಚುವ ಮದ್ದನ್ನು ಯಲಹಂಕದ ಟಿಡಿಯು ವಿಶ್ವವಿದ್ಯಾಲಯದವರೂ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯವರೂ ಹಳ್ಳಿಗಳಿಗೆ ಕಲಿಸುತ್ತಿದ್ದಾರೆ. ಶುರುವಿನಲ್ಲೇ ಹಚ್ಚಿದರೆ ನಮ್ಮ ಹಸುಗಳಿಗೆ ಉಪಯೋಗ ಆಗಿದ್ದಿದೆ. ಎಲ್ಲಕ್ಕೂ ಅದೇ ಸಾಕು ಅನ್ನುವವರ ಮಾತನ್ನು ನಾನು ನಂಬುವುದಿಲ್ಲ. ಇನ್ನೊಂದು, ಹಾಲು ಕರೆದ ಕೂಡಲೇ ಹಸುವಿನ ಮುಂದೆ ಮೇವು ಹಾಕಿ. ಅರ್ಧ ಗಂಟೆ ನಿಂತೇ ಇರುತ್ತದೆ, ಅಷ್ಟರಲ್ಲಿ ಮೊಲೆಯ ರಂಧ್ರ ಮುಚ್ಚಿಕೊಳ್ಳುತ್ತದೆ. ಇದಕ್ಕೆ ಕಾಸೂ ಬೇಡ, ಯೋಜನೆಯೂ ಬೇಡ.

ಕೋಳಿಯ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ, ಅದು ನನ್ನ ಕಸುಬಲ್ಲ. ದೊಡ್ಡಬಳ್ಳಾಪುರ, ಹೊಸಕೋಟೆ ಕಡೆ ಶೆಡ್ ಹಾಕಿರುವ ನೆಂಟರಿದ್ದಾರೆ. ಮರಿ ಕಂಪನಿಯದು, ಫೀಡು ಕಂಪನಿಯದು, ಔಷಧಿಯೂ ಕಂಪನಿಯದೇ. ಆರು ವಾರದೊಳಗೆ ಕೋಳಿ ತೂಗಿ ಕೊಟ್ಟರೆ ಕೆಜಿಗೆ ಇಷ್ಟು ಅಂತ ಸಾಕಿದ ಕೂಲಿ. ಫೀಡಿನಲ್ಲಿ ಏನು ಬೆರೆಸಿದ್ದಾರೆ ಅಂತ ಸಾಕುವವನಿಗೇ ಗೊತ್ತಿಲ್ಲ. ಅವನಿಗೆ ಅರಿವು ಮೂಡಿಸಿ ಏನು ಪ್ರಯೋಜನ? ಫೀಡಿನ ಚೀಲದ ಮೇಲೆ ಔಷಧಿ ಇದೆಯೇ, ಇದ್ದರೆ ಯಾವುದು, ಕೋಳಿ ಹಿಡಿಯುವ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಿ. ಶೆಡ್ಡಿನಿಂದ ತೆಗೆದ ಗೊಬ್ಬರವನ್ನು ಲಾರಿಯಲ್ಲಿ ತುಂಬಿ ತರಕಾರಿ ತೋಟಗಳಿಗೆ ಹೊಡೆಯುತ್ತಾರೆ. ಹಸಿಯಾಗಿ ಹಾಕದೆ ಚೆನ್ನಾಗಿ ಕೊಳೆಸಿ ಹಾಕಿ ಅನ್ನುವುದಕ್ಕಾದರೂ ಯಾರಾದರೂ ತೋಟಗಳ ಕಡೆ ಬರಲಿ.

ಮತ್ತೆ ನನ್ನ ಬೇಡಿಕೆಗೆ ಬರುತ್ತೇನೆ. ದುಡ್ಡು ಎಲ್ಲಿಂದ ಅಂತ ಕೇಳುತ್ತೀರಿ, ಅದಕ್ಕೂ ಲೆಕ್ಕ ತಂದಿದ್ದೇನೆ. ದಿನಕ್ಕೆ 1,000 ಲೀಟರ್ ಬರುವ ಡೈರಿ ಒಂದನ್ನು ತೆಗೆದುಕೊಳ್ಳಿ. ವರ್ಷಕ್ಕೆ 3,65,000 ಲೀಟರ್. ಲೀಟರಿಗೆ 10 ಪೈಸೆ ಎತ್ತಿಟ್ಟರೆ ₹36,500 ಆಗುತ್ತದೆ. ಮೇಲೆ ಹೇಳಿದ ಹಸುವಿನ 84 ಲೀಟರಿಗೆ ಅರ್ಧ ಬೆಲೆ ಅಂದರೆ ₹1,470. ಅಂಥ 24 ಹಸುಗಳಿಗೆ ಈ ದುಡ್ಡು ಸಾಕು. ಸರ್ಕಾರ ಈಗ ಲೀಟರಿಗೆ ₹5 ಪ್ರೋತ್ಸಾಹಧನ ಕೊಡುತ್ತಿದೆ. 10 ಪೈಸೆ ಅದರ ಐವತ್ತರಲ್ಲಿ ಒಂದು ಪಾಲು. ನಂದಿನಿ ಹಾಲಿಗೆ 2025ರ ಏಪ್ರಿಲ್‌ನಲ್ಲಿ ಲೀಟರಿಗೆ ₹4 ಏರಿದಾಗ ನಗರದವರು ಗೊಣಗಿದರೂ ಕೊಟ್ಟರು. ಔಷಧಿ ಇಲ್ಲದ ಹಾಲಿಗೆ 10 ಪೈಸೆ ಅಂದರೆ ಯಾರೂ ಬೇಡ ಅನ್ನಲಾರರು.

ಮೋಸ ಆಗುತ್ತದೆ ಅನ್ನುತ್ತೀರಿ. ಆಗಬಹುದು. ಆದರೆ ಕೊಡುವುದು ಅರ್ಧ ಬೆಲೆ, ಒಳ್ಳೆಯ ಹಾಲಿಗೆ ಪೂರ್ತಿ ಬೆಲೆ ಸಿಗುವಾಗ ಯಾರು ಸುಳ್ಳು ಹೇಳಿ ಅರ್ಧಕ್ಕೆ ಕೊಡುತ್ತಾರೆ? ಹೋಟೆಲಿಗೆ ಮಾರಿ ಇಲ್ಲಿಯೂ ದುಡ್ಡು ಕೇಳಬಾರದು ಅಂದರೆ, ಆ ಹಾಲನ್ನು ಬೇರೆ ಕ್ಯಾನಿನಲ್ಲಿ ಡೈರಿಗೇ ತರಲಿ. ಅಳೆದು, ಎಲ್ಲರೆದುರಿಗೆ ಎರಡು ಹನಿ ಬಣ್ಣ ಹಾಕಿ, ಕಾಂಪೋಸ್ಟ್ ಗುಂಡಿಗೆ ಸುರಿಯಿರಿ. ಹಸುವಿನ ಕಿವಿಯಲ್ಲಿ ಹಳದಿ ಓಲೆ ಇದೆ, ಅದರಲ್ಲಿ 12 ಅಂಕಿಯ ನಂಬರ್ ಇದೆ. ಡಾಕ್ಟರ ಚೀಟಿ ಆ ನಂಬರಿನ ಮೇಲೆ ಇದ್ದರೆ ಮಾತ್ರ ದುಡ್ಡು ಅನ್ನಿ. ಆಗ ಚೀಟಿ ಇಲ್ಲದೆ ಸೂಜಿ ಹಾಕಿಸುವುದು ನಮಗೇ ನಷ್ಟ ಅನಿಸುತ್ತದೆ. ಬೈಕಿನ ಹುಡುಗನೂ ಡಾಕ್ಟರಿಗೆ ಫೋನ್ ಮಾಡಿ ಕೇಳಿಯೇ ಬ್ಯಾಗು ಬಿಚ್ಚುತ್ತಾನೆ. ಯಾವ ಊರಿನಲ್ಲಿ ಯಾವ ಔಷಧಿ ಎಷ್ಟು ಹೋಗುತ್ತಿದೆ ಅನ್ನುವ ಲೆಕ್ಕ ಬೇರೆ ಸರ್ವೆ ಇಲ್ಲದೆಯೇ ನಿಮ್ಮ ಕೈಗೆ ಬರುತ್ತದೆ.

ರಾಜ್ಯಕ್ಕೆಲ್ಲ ಒಂದೇ ಸಲ ಮಾಡಿ ಅಂತ ಕೇಳುತ್ತಿಲ್ಲ. ಯಲಹಂಕ ತಾಲ್ಲೂಕಿನ ಕೆಲವು ಡೈರಿಗಳಲ್ಲಿ ಒಂದು ವರ್ಷ ನಡೆಸಿ ನೋಡಿ. ಮೊದಲ ಆರು ತಿಂಗಳು ಬರೀ ದುಡ್ಡು ಕೊಡಿ, ದಂಡ ಬೇಡ. ಏಳನೇ ತಿಂಗಳಿಂದ ಪರೀಕ್ಷೆಯ ಪಟ್ಟಿ ತನ್ನಿ. ಕಿವಿ ಓಲೆ ಬಿದ್ದುಹೋದ ಹಸುಗಳಿಗೆ ಹೊಸದು ಹಾಕಿಸುವ ಕೆಲಸವನ್ನು ಮಾತ್ರ ಈಗಲೇ ಶುರು ಮಾಡಿ. ನಮ್ಮೂರಲ್ಲೇ ಅಂಥವು ಸಾಕಷ್ಟಿವೆ, ಓಲೆ ಇಲ್ಲ ಅನ್ನುವ ಕಾರಣಕ್ಕೆ ಅವುಗಳ ಮನೆಯವರಿಗೆ ದುಡ್ಡು ತಪ್ಪಬಾರದು.

ಇಂತಿ,
ಹೆಸರಘಟ್ಟ ಹೋಬಳಿಯ ಒಬ್ಬ ಹಾಲು ಉತ್ಪಾದಕಿ